ಮೊರದ ಸದ್ದು

ಮೂರು ದಿನದ ಹಿಂದೆ ಆಕೆಯ ತಿಥಿಗೆಂದು ಕೆ. ಹೊಸಕೋಟೆಗೆ ಹೋಗಿ ಬಂದೆವು. ಊಟದ ಪಂಕ್ತಿ ಏಳುವ ಹೊತ್ತಿಗೆ ನಮ್ಮ ಯಜಮಾನರು ಅಳುವುದಕ್ಕೆ ಶುರು ಮಾಡಿದರು. ನನ್ನ ಅಪ್ಪ ಹೋದಾಗ ಈ ಮನುಷ್ಯ ಅಳಲಿಲ್ಲ. ಸ್ವಂತ ತಾಯಿ ಹೋದಾಗಲೂ ಕಣ್ಣು ಕೆಂಪಗಾಯಿತು ಅಷ್ಟೆ. ಈಗ, ಊರವರ ಬಾಣಂತನ ಮಾಡಿಕೊಂಡಿದ್ದ ಒಬ್ಬ ಮುದುಕಿಗಾಗಿ ನೂರು ಜನರೆದುರು ಮಗುವಿನ ಹಾಗೆ ಅತ್ತರು. ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದವರು ಅತ್ತರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿರುವುದಿಲ್ಲ. ಮೂಗು ಕಟ್ಟುತ್ತದೆ, ಜೋರಾಗಿ ಉಸಿರು ಬಿಟ್ಟು ತೆಗೆಯುವ ಶಕ್ತಿ ಇರುವುದಿಲ್ಲ, ಒರೆಸಿಕೊಳ್ಳಲು ಕೈ ಏಳುವುದಿಲ್ಲ. ಅತ್ತಿದ್ದು ಆಕೆಗಾಗಿ, ಸೆರಗಿನಲ್ಲಿ ಮೂಗು ಒರೆಸಿದ್ದು ನಾನು.

ಆಕೆಯ ಹೆಸರು ಬರೆಯುವುದಿಲ್ಲ. ನಮ್ಮ ಹಾನುಬಾಳಿನ ಸುತ್ತಮುತ್ತ ಮಕ್ಕಳು ಮರಿ ಆದಿಯಾಗಿ ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು, ಅದೇ ಸಾಕು. ಹೆಸರು ಹಾಕಿದರೆ ಈ ಬರಹವೂ ಪೂರಾ ಆಕೆಯದೇ ಆಗಿಬಿಡುತ್ತದೆ. ಇಷ್ಟಾದರೂ ನನ್ನದಾಗಿರಲಿ.

ಅರವತ್ತೈದು ದಾಟಿದ, ಮುಂದಿನ ಎರಡು ಹಲ್ಲಿಲ್ಲದ, ಮೊಣಕಾಲು ಸೊಟ್ಟಗಾದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದರೆ ಯಾರಾದರೂ ನಗುತ್ತಾರೆ. ನಗಲಿ. ನನ್ನ ಗಂಡನ ಉಸಿರೂ ನಿದ್ದೆಯೂ ನನ್ನ ಕೈಗೆ ಸಿಕ್ಕದೆ ಆಕೆಯ ಕೈಗೆ ಸಿಕ್ಕಿದ್ದನ್ನು ಎರಡು ವರ್ಷ ಬಾಗಿಲಲ್ಲಿ ನಿಂತು ನೋಡಿದವಳು ನಾನು. ಬೇರೆ ಹೆಂಗಸಿನ ಸಹವಾಸ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಆರು ವರ್ಷದ ಹಿಂದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿಯಿಂದ ಇವರು ಬಿದ್ದರು. ಮೆಣಸು ಕೊಯ್ಯಲು ಆಳು ಸಿಗಲಿಲ್ಲವೆಂದು ತಾವೇ ಹತ್ತಿದ್ದರು. ಕುತ್ತಿಗೆಯ ಮೂಳೆ ಮುರಿದು ನರಕ್ಕೆ ಪೆಟ್ಟಾಯಿತು. ಹೆಗಲು ಸ್ವಲ್ಪ ಅಲ್ಲಾಡುತ್ತದೆ, ತಲೆ ತಿರುಗುತ್ತದೆ, ಅಷ್ಟೆ. ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಮನೆಗೆ ಬಂದೆವು. ಹೊರಡುವಾಗ ಡಾಕ್ಟರು ಹೇಳಿದ್ದು ನೆನಪಿದೆ: ಉಸಿರು ಒಳಗೆ ಎಳೆದುಕೊಳ್ಳಲು ಅರ್ಧ ಬಲ ಉಳಿದಿದೆ, ಹೊರಗೆ ದಬ್ಬಲು ಬಲವೇ ಇಲ್ಲ, ಕೆಮ್ಮಲು ಆಗುವುದಿಲ್ಲ, ಹುಷಾರು. ಹೊಟ್ಟೆಗೆ ಸುತ್ತಲು ಒಂದು ಅಗಲದ ಬೆಲ್ಟು ಕೂಡ ಕೊಟ್ಟಿದ್ದರು. ಅದು ಚರ್ಮದ ಮೇಲೆ ಕೆಂಪು ಬರೆ ಎಬ್ಬಿಸಿತೆಂದು ಪಾಪ ಅನ್ನಿಸಿ ಬೀರುವಿನಲ್ಲಿಟ್ಟೆ.

ನಮ್ಮ ಅತ್ತೆಗೆ ಉಬ್ಬಸವಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದು ಒಂದೇ ಔಷಧ: ಉಸಿರು ಕಟ್ಟಿದರೆ ಎತ್ತಿ ಕೂರಿಸು, ಬೆನ್ನಿಗೆ ದಿಂಬು ಕೊಡು. ಹದಿನೇಳು ವರ್ಷ ಹಾಗೆ ಮಾಡಿ ಪಳಗಿದ್ದೆ. ಇವರಿಗೂ ಅದನ್ನೇ ಮಾಡಿದೆ. ಒಂದು ದಿಂಬು, ಎರಡು, ಮೂರು. ಇವರು ಬಾಯಿ ತೆರೆದು ತೇಕುತ್ತಿದ್ದರು, ನಾನು ಇನ್ನಷ್ಟು ಎತ್ತುತ್ತಿದ್ದೆ. "ನೀರು ಕೊಡು", "ಸೊಳ್ಳೆ ಐತೆ", "ದಿಂಬು ಸರ್ಸು" ಎಂಬ ಎರಡೆರಡು ಪದಗಳಲ್ಲಿ ಮೂರು ತಿಂಗಳು ನಮ್ಮ ಸಂಸಾರ ನಡೆಯಿತು.

ಆಗ ಒಂದು ದಿನ ಆಕೆ ರೋಗಿಯನ್ನು ನೋಡಿಕೊಂಡು ಹೋಗಲು ಬಂದಳು. ಸೆರಗಿನ ಗಂಟಿನಲ್ಲಿ ನಾಲ್ಕು ನಾಟಿ ಮೊಟ್ಟೆ. ನನ್ನ ಮಗಳು ಹುಟ್ಟಿದಾಗ ನನ್ನ ಬಾಣಂತನ ಮಾಡಿದವಳು ಆಕೆಯೇ. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಹೊಟ್ಟೆ ನೋಡುವುದು ಆಕೆಯ ಅಭ್ಯಾಸ. ಒಮ್ಮೆ ಕರೆಂಟ್ ಸರಿ ಮಾಡಲು ಬಂದ ಲೈನ್‌ಮನ್‌ಗೆ, "ಉಸ್ರೆಲ್ಲಾ ಎದೇಲೇ ಇಟ್ಕಂಡು ಓಡಾಡ್ತೀಯಲ್ಲಪ್ಪಾ, ಒಸಿ ಹೊಟ್ಟೆಗಂಟ ಬುಡು" ಎಂದಿದ್ದಳು. ಆತ ನಾಚಿ ಕಾಫಿಯನ್ನೂ ಕುಡಿಯದೆ ಹೋದ. ಅವತ್ತೂ ಹಾಗೇ, ಒಳಗೆ ಬಂದವಳು ಹೇಗಿದ್ದೀಯ ಎಂದು ಕೇಳಲಿಲ್ಲ. ಇವರ ಹೊಟ್ಟೆ ನೋಡಿದಳು.

"ಯಾಕವ್ವಾ ಹಿಂಗೆ ಮಡ್ಚಿ ಕೂರ್ಸಿದ್ದೀಯ? ಹೊಟ್ಟೆ ನೋಡು, ಮುಂದಕ್ಕೆ ಜೋತ್ಕಂಡೈತೆ. ಇದು ಬಾಣಂತಿ ಹೊಟ್ಟೆ ಕಣೆ, ಹಿಡ್ಕಳಾಕೆ ಏನೂ ಇಲ್ಲ. ಉಸ್ರು ಎಲ್ಲಿ ನಿಲ್ತೈತೆ?"

"ಉಬ್ಬಸಕ್ಕೆ ಕೂರಿಸಲೇಬೇಕಲ್ಲ ದೊಡ್ಡವ್ವಾ" ಎಂದೆ.

"ಉಬ್ಸ ನಿಮ್ಮತ್ತೆಗೆ ಇದ್ದಿದ್ದು. ಇವ್ನಿಗೆಲ್ಲೈತೆ?"

ನನ್ನ ಮೂರೂ ದಿಂಬು ಕಿತ್ತು ಕೆಳಗೆ ಹಾಕಿದಳು. ಚಪ್ಪಟೆಯಾಗಿ ಮಲಗಿಸಿದಳು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಇವರ ತೇಕು ನಿಂತು, ಎದೆ ನಿಧಾನವಾಗಿ ಏರಿ ಇಳಿಯತೊಡಗಿತು. ಆಮೇಲೆ ಆಕೆ ತನ್ನ ಚೀಲದಿಂದ ಹಳೆಯ ಹತ್ತಿ ಸೀರೆಯೊಂದನ್ನು ತೆಗೆದು, ಬಾಣಂತಿಯರಿಗೆ ಸುತ್ತುವ ಹಾಗೆ ಪಕ್ಕೆಲುಬಿನ ಕೆಳಗಿನಿಂದ ಸೊಂಟದವರೆಗೆ ಸುತ್ತು ಸುತ್ತಾಗಿ ಬಿಗಿದಳು. "ಈಗ ಕೂರ್ಸು" ಎಂದಳು. ಕೂರಿಸಿದೆವು. ಇವರು ಸುತ್ತ ಒಮ್ಮೆ ನೋಡಿ ಹೇಳಿದರು:

"ದೊಡ್ಡವ್ವಾ, ಮೆಣಸಿನ ಬಳ್ಳಿ ಈ ವರ್ಷ ಹೆಂಗೆ ಬಂದೈತೆ ಒಂದ್ಸಲ ನೋಡ್ಕಂಡ್ ಬಾ."

ಹತ್ತು ಪದ, ಒಂದೇ ಉಸಿರಿನಲ್ಲಿ. ನಾನು ಎಣಿಸಿದೆ. ಅಪಘಾತವಾದ ಮೇಲೆ ಈ ಗಂಟಲಿನಿಂದ ಬಂದ ಮೊದಲ ಪೂರ್ತಿ ಮಾತು ದೊಡ್ಡವ್ವಾ ಎಂದು ಶುರುವಾಯಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆನಲ್ಲ, ಅದು ಖುಷಿಗೆ ಅಲ್ಲ.

ಅವತ್ತಿನಿಂದ ಆಕೆ ದಿನಾ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋಗುತ್ತಿದ್ದಳು. ಫಿಸಿಯೋಥೆರಪಿಯವರು ಒಮ್ಮೆ ಬಂದು ಕಫ ತೆಗೆಯುವುದು ಹೇಗೆಂದು ಇಬ್ಬರಿಗೂ ತೋರಿಸಿದರು. ಪಕ್ಕೆಲುಬಿನ ಕೆಳಗೆ ಅಂಗೈ ಊರಿ, ಇವರು ಕೆಮ್ಮಲು ನೋಡುವ ಕ್ಷಣಕ್ಕೆ ಸರಿಯಾಗಿ ಮೇಲಕ್ಕೆ ದಬ್ಬಬೇಕು. ನನಗೆ ಎಲುಬು ಮುರಿದುಬಿಟ್ಟೀತೆಂಬ ಭಯ. ಆಕೆಗೆ ಅದು ಹಿಟ್ಟು ನಾದಿದಷ್ಟೇ ಸಲೀಸು. "ಎಳ್ಕೋ... ಎಳ್ಕೋ... ಹ್ಞಾ, ಈಗ ಬುಡಪ್ಪ" ಎಂದು ಒತ್ತಿದರೆ ಕಫ ಬಾಯಿಗೆ ಬರುತ್ತಿತ್ತು.

ಹೊಟ್ಟೆಗೆ ಸುತ್ತಿದ ಸೀರೆಯ ವಿಷಯ ನನ್ನನ್ನು ಇನ್ನೂ ಕೆಣಕುತ್ತಿತ್ತು. ಕೈಹಿಡಿದ ಗಂಡ ಇಡೀ ದಿನ ಬೇರೊಬ್ಬಳ ಸೀರೆ ಸುತ್ತಿಕೊಂಡು ಕೂತಿರುತ್ತಾನೆ. ನನ್ನದೊಂದು ಹಳೆಯ ಸೀರೆ ಕೊಟ್ಟೆ. ಆಕೆ ಬೆರಳಲ್ಲಿ ಉಜ್ಜಿ ನೋಡಿ, "ಪಾಲಿಸ್ಟರ್ ಬೆರಕೆ ಕಣವ್ವ, ಜಾರ್ತೈತೆ" ಎಂದು ವಾಪಸು ಕೊಟ್ಟಳು. ಸಕಲೇಶಪುರಕ್ಕೆ ಹೋಗಿ ಅಪ್ಪಟ ಹತ್ತಿಯದೇ ಬೇಕೆಂದು ಅಂಗಡಿಯವನ ತಲೆ ತಿಂದು ತಂದೆ. ಮೆತ್ತಗಾಗಲೆಂದು ವಾರವಿಡೀ ಒಗೆದೆ. ಮತ್ತೆ ಬೆರಳಲ್ಲಿ ಉಜ್ಜಿದಳು. "ಇನ್ನೂ ನಾಕು ತಿಂಗ್ಳು ಉಟ್ಕಂಡು ಒಗಿ, ಆಮ್ಯಾಕೆ ಬತ್ತೈತೆ." ಆಕೆ ಹೇಳಿದ್ದು ಬರಿ ಬಟ್ಟೆಯ ಮಾತು. ನನಗೆ ಮಾತ್ರ, ಗಂಡನನ್ನು ಮುಟ್ಟುವ ಯೋಗ್ಯತೆ ಇನ್ನೂ ಬಂದಿಲ್ಲ ಎಂದಂತೆ ಕೇಳಿಸಿತು. ಆದರೂ ಉಟ್ಟು ಒಗೆದೆ.

ಹಗಲಿನ ಉಸಿರು ಹೀಗೆ ದಾರಿಗೆ ಬಂದರೂ ನಿದ್ದೆ ಬರಲಿಲ್ಲ. ಕಣ್ಣು ಹತ್ತಿದ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಜೋರು ಗೊರಕೆ, ಆಮೇಲೆ ಏನೂ ಇಲ್ಲ, ಆಮೇಲೆ ನೀರಿನಿಂದ ತಲೆ ಎತ್ತಿದವರ ಹಾಗೆ ಗಕ್ಕನೆ ಎಚ್ಚರ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಹಾಸನದಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತಿದೆ, ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿ ಗಾಳಿ ಒತ್ತುವ ಮಷಿನ್ ಇಟ್ಟುಕೊಂಡೇ ಮಲಗಬೇಕು, ಇಲ್ಲದಿದ್ದರೆ ಒಂದು ದಿನ ಏಳದೇ ಹೋಗಬಹುದು ಎಂದರು.

ಮಷಿನ್ ತಂದ ಮೂರನೆಯ ರಾತ್ರಿ ನಡೆದದ್ದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹಗಲೆಲ್ಲ ಒದ್ದಾಡಿದ ಸುಸ್ತು, ಕೂತಲ್ಲೇ ನಿದ್ದೆ ಹೋದೆ. ಕರೆಂಟು ಹೋಯಿತು. ಮಷಿನ್ ನಿಂತಿತು. ಮುಖಕ್ಕೆ ಪಟ್ಟಿ ಬಿಗಿದ ಮಾಸ್ಕು, ತೆಗೆಯಲು ಕೈ ಇಲ್ಲ, ಕೂಗಿದರೆ ದನಿ ಅದರೊಳಗೇ. ಎಷ್ಟು ಹೊತ್ತು ಕೂಗಿದರೋ ಗೊತ್ತಿಲ್ಲ. ನನಗೆ ಎಚ್ಚರವಾದಾಗ ಕತ್ತಲಲ್ಲಿ ಇವರ ತಲೆ ದಿಂಬಿನ ಮೇಲೆ ಆಚೆ ಈಚೆ ಹೊಡೆದುಕೊಳ್ಳುತ್ತಿತ್ತು. ಮಾರನೇ ದಿನವೇ ಬ್ಯಾಟರಿ ಹಾಕಿಸಿದೆ. ಆದರೆ ಮಾಸ್ಕು ಹಾಕಿ ನಾನು ಪಕ್ಕದಲ್ಲಿ ಕೂತರೆ ಹತ್ತು ನಿಮಿಷಕ್ಕೆ ಇವರು "ತೆಗಿ" ಎನ್ನುತ್ತಿದ್ದರು. ಬೈಯಲಿಲ್ಲ, ಆಡಿಕೊಳ್ಳಲಿಲ್ಲ. "ತೆಗಿ ಮಾರಾಯ್ತಿ, ಆಗಲ್ಲ" ಎನ್ನುತ್ತಿದ್ದರು ಅಷ್ಟೆ.

ಇದನ್ನು ಕೇಳಿದ ದೊಡ್ಡವ್ವ ಮಾರನೆಯ ಮಧ್ಯಾಹ್ನ ಆ ಮಾಸ್ಕನ್ನು ತಾನೇ ಮುಖಕ್ಕೆ ಹಾಕಿಕೊಂಡಳು. ಕೊಳವೆ ಮುಂದಕ್ಕೆ ಜೋತಾಡುತ್ತಿತ್ತು.

"ಹೆಂಗಿವ್ನಿ ನೋಡಪ್ಪ, ಮೊನ್ನೆ ಬೈನೆ ಮರ ಮುರ್ದಿತ್ತಲ್ಲ, ಅದೇ ಆನೆ!"

ಇವರು ನಕ್ಕರು. ಬರಿ ಗಾಳಿ ಹೊರಬರುವ ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ಆಮೇಲೆ ಆಕೆ ಅದನ್ನು ಒರೆಸಿ ಇವರಿಗೆ ಹಾಕಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬೆನ್ನಿಗೆ ದಿಂಬು ಒತ್ತಿ, ತಲೆಯ ಹತ್ತಿರ ಕಾಲು ಚಾಚಿ ಕೂತಳು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಮೆಣಸು ಕೇರತೊಡಗಿದಳು. ಸುಮ್ಮನೆ ಕೂರುವುದು ಆಕೆಯ ಜಾತಕದಲ್ಲೇ ಇರಲಿಲ್ಲ. ಸರಕ್, ಸರಕ್, ನಡುವೆ ಮೊರದ ಅಂಚಿಗೆ ಎರಡು ತಟ್ಟು. ಇವರು ಮಾಸ್ಕಿನ ಒಳಗಿನಿಂದ, "ದೊಡ್ಡವ್ವಾ, ಇದೀಯಾ?" ಎಂದರು.

"ಇಲ್ಲೇ ಇವ್ನಿ ಕಣಪ್ಪ. ಎಲ್ಲಿಗೋಗ್ಲಿ?"

ಎರಡು ಗಂಟೆ ಮಲಗಿದರು. ಎದ್ದು, ತಲೆ ಹಗುರಾಗಿದೆ ಎಂದರು. ಮಾರನೇ ದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ನಿದ್ದೆ. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಉರಿಯುತ್ತಿದ್ದೆ. ನನ್ನ ಕಾವಲಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚದ ಗಂಡ, ಆ ಕರಕರೆಯ ಪಕ್ಕ ಗೊರಕೆಯೂ ಇಲ್ಲದೆ ಮಲಗಿದ್ದಾರೆ. ಒಂದು ದಿನ ತಡೆಯಲಾರದೆ, "ಸದ್ದು ಮಾಡಬೇಡ ದೊಡ್ಡವ್ವಾ, ಮಲಗಿದ್ದಾರೆ" ಎಂದೆ. ಆಕೆ ನನ್ನ ಮುಖ ನೋಡಿ ಕೈ ನಿಲ್ಲಿಸಿದಳು. ತಕ್ಷಣ ಇವರು ಕಣ್ಣು ಬಿಟ್ಟರು. ನನ್ನ ದನಿಗೇ ಎಚ್ಚರವಾಯಿತೆಂದುಕೊಂಡು ನನ್ನನ್ನು ನಾನೇ ಬೈದುಕೊಂಡೆ.

ರಾತ್ರಿ ನಾನೂ ಪ್ರಯತ್ನ ಬಿಡಲಿಲ್ಲ. ಬಳೆ ತೆಗೆದಿಟ್ಟೆ. ಕುರ್ಚಿ ಕಿರುಗುಟ್ಟುತ್ತದೆಂದು ನೆಲದ ಮೇಲೆ ಕೂತೆ. ಕೆಮ್ಮು ಬಂದರೆ ಸೆರಗು ಕಚ್ಚಿಕೊಂಡೆ. ಕಳ್ಳಿಯ ಹಾಗೆ ಉಸಿರು ಬಿಗಿಹಿಡಿದು ಬೆಳಗಿನವರೆಗೆ ಎಚ್ಚರವಿದ್ದೆ. ಇವರು "ತೆಗಿ" ಎನ್ನುತ್ತಲೇ ಇದ್ದರು.

ಎರಡು ವರ್ಷ ಹೀಗೆ ಹೋಯಿತು. ಒಂದು ಸಂಜೆ ಆಕೆ ಹೋದ ಮೇಲೆ ಇವರು, "ದೊಡ್ಡವ್ವ ರಾತ್ರಿನೂ ಇದ್ಬುಟ್ಟಿದ್ರೆ ಚೆನ್ನಾಗಿತ್ತು" ಎಂದರು. ದುರುದ್ದೇಶದಿಂದ ಹೇಳಿದ್ದಲ್ಲ. ಆದರೆ ರಾತ್ರಿ ನನ್ನದಲ್ಲವೇ? ಮಾರನೇ ದಿನ ಆಕೆ ಮೆಟ್ಟಿಲು ಹತ್ತುವಾಗಲೇ ತಡೆದು ಹೇಳಿದೆ, "ನಿನಗೂ ಮಂಡಿ ನೋವು ದೊಡ್ಡವ್ವಾ, ಇನ್ನು ಬರಬೇಡ. ನಾನೇ ನೋಡಿಕೊಳ್ತೀನಿ." ಮಂಡಿ ನೋವು ನಿಜವಾಗಿಯೂ ಇತ್ತು. ನೆಪಕ್ಕೆ ಅಷ್ಟು ಸಾಕಿತ್ತು.

ಆಕೆಗೆ ಎಲ್ಲ ಅರ್ಥವಾಯಿತೆಂದು ನನಗೆ ಗೊತ್ತು. ಸಿಟ್ಟಾಗಲಿಲ್ಲ. ಒಳಗೆ ಹೋಗಿ ಇವರ ತಲೆ ಸವರಿ, ಮಗನ ಮನೆಗೆ ಹೊಸಕೋಟೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿದಳು. ಆಮೇಲೆ ಆ ಸುಳ್ಳನ್ನೇ ನಿಜ ಮಾಡಿ ಹೊರಟುಹೋದಳು. ಮೊರ ಬಾಗಿಲ ಹಿಂದೆ ಇಟ್ಟು, "ಇದು ಇಲ್ಲೇ ಇರ್ಲಿ" ಎಂದಳು. ಮೆಟ್ಟಿಲಿಳಿಯುವಾಗ ತಿರುಗಿ ನಿಂತು ಹೇಳಿದಳು:

"ಸದ್ದು ಮಾಡವ್ವಾ. ನೀನು ಬಾಳ ಸುಮ್ಕೆ ಕೂತ್ಕತೀಯ."

ಮನೆಯಲ್ಲಿ ನಾಲ್ಕು ಮಾತಾಡು, ನಗುನಗುತ್ತ ಇರು ಎಂದು ಬುದ್ಧಿ ಹೇಳುತ್ತಿದ್ದಾಳೆ ಎಂದುಕೊಂಡೆ. ನನಗೆ ಬುದ್ಧಿ ಹೇಳಲು ಇವಳ್ಯಾರು ಎಂದು ಮೊರವನ್ನು ಅಟ್ಟಕ್ಕೆ ಎಸೆದೆ.

ಆಮೇಲಿನ ಎರಡು ತಿಂಗಳು ನನ್ನ ಶತ್ರುವಿಗೂ ಬೇಡ. ಹಗಲಿನ ನಿದ್ದೆಯೂ ಹೋಯಿತು. ಇವರು ಮಗಳ ಹೆಸರು ಮರೆತರು, ಏಲಕ್ಕಿ ತೋಟ ಮಾರಿದ್ದನ್ನು ಮರೆತರು. ಒಂದು ಮಧ್ಯಾಹ್ನ ಬಾಯಲ್ಲಿ ಅನ್ನವಿರುವಾಗಲೇ ತೂಕಡಿಸಿದರು, ಅಗುಳು ಗಂಟಲಿಗೆ ಸಿಕ್ಕಿತು. ಮುಖ ಕಪ್ಪಿಡುತ್ತಿತ್ತು. ಕರೆಯಲು ಯಾರೂ ಇರಲಿಲ್ಲ. ನಾನೇ ಪಕ್ಕೆಲುಬಿನ ಕೆಳಗೆ ಕೈ ಊರಿದೆ. "ಎಳ್ಕೋ... ಈಗ ಬುಡಪ್ಪ" ಎಂದು ನನ್ನ ಬಾಯಿಂದ ಆಕೆಯ ಮಾತೇ ಬಂತು. ಮೂರನೇ ಸಲಕ್ಕೆ ಅಗುಳು ಹೊರಗೆ ಬಿತ್ತು. ಎಲುಬೇನೂ ಮುರಿಯಲಿಲ್ಲ. ಆಕೆಗೆ ಫೋನ್ ಮಾಡಿ ಬಾ ಎನ್ನಬೇಕೆಂದು ಕೈಗೆ ಫೋನ್ ತೆಗೆದುಕೊಂಡೆ, ಇಟ್ಟೆ.

ಅದೇ ವಾರ ಮೆಣಸು ಒಣಗಿ ಅಂಗಳದಲ್ಲಿತ್ತು, ಕೇರಲು ಆಳು ಬರಲಿಲ್ಲ. ಇವರನ್ನು ಒಂಟಿಯಾಗಿ ಬಿಡುವ ಧೈರ್ಯವಿಲ್ಲದೆ ಚೀಲವನ್ನು ಕೋಣೆಗೇ ಎಳೆದುಕೊಂಡು ಬಂದೆ. ಅಟ್ಟದ ಮೊರ ಮುಟ್ಟಲು ಮನಸ್ಸಿಲ್ಲದೆ ಅಂಗಡಿಯಿಂದ ಹೊಸದು ತಂದಿದ್ದೆ. ಮಾಸ್ಕು ಹಾಕಿ ಮಲಗಿಸಿ, ಈಗ "ತೆಗಿ" ಎನ್ನುತ್ತಾರೆ, ಅಷ್ಟರಲ್ಲಿ ಎರಡು ಸೇರಾದರೂ ಆಗಲಿ ಎಂದು ಕೇರತೊಡಗಿದೆ. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ತಿರುಗಿ ನೋಡಿದರೆ ಇವರು ನಿದ್ದೆ ಹೋಗಿದ್ದರು. ಕೈ ನಿಲ್ಲಿಸಿದೆ. ಕಣ್ಣು ಬಿಟ್ಟರು. ಮತ್ತೆ ಕೇರಿದೆ. ಮುಚ್ಚಿದರು.

ಆಗ ಗೊತ್ತಾಯಿತು. ಪಕ್ಕದಲ್ಲಿರುವವರು ಎಚ್ಚರವಿದ್ದಾರೆಂದು ತಿಳಿಯಲು ಇವರಿಗೆ ಆ ಸದ್ದೊಂದೇ ದಾರಿ. ಮೊರ ಆಡುತ್ತಿದೆ ಎಂದರೆ ಮಾಸ್ಕು ತೆಗೆಯಲು ಒಂದು ಜೊತೆ ಕೈ ಇದೆ. ನಾನು ಪ್ರೀತಿಯಿಂದ ಬಳೆ ತೆಗೆದಿಟ್ಟು ಕೂತಿದ್ದ ರಾತ್ರಿಗಳಲ್ಲಿ ಇವರು ಕೇಳಿಸಿಕೊಂಡಿದ್ದು ಆ ಕರೆಂಟು ಹೋದ ರಾತ್ರಿಯನ್ನೇ. ದೊಡ್ಡವ್ವ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಇದನ್ನು. ನನ್ನಿಂದ ಓಡಿಸಿಕೊಂಡವಳು, ಹೋಗುತ್ತ ತನ್ನ ವಿದ್ಯೆಯನ್ನು ನನಗೇ ಕೊಟ್ಟು ಹೋಗಿದ್ದಳು.

ಅಂದಿನಿಂದ ರಾತ್ರಿಯೂ ಬಳೆ ಹಾಕಿಕೊಂಡೇ ಕೂತೆ. ಇವರ ನಿದ್ದೆ ಗಟ್ಟಿಯಾಗುವವರೆಗೆ ಏನಾದರೊಂದು ಕೇರುತ್ತಿದ್ದೆ, ಆಮೇಲೆ ನಾನೂ ಮಲಗುತ್ತಿದ್ದೆ. ನನ್ನನ್ನು ಎಬ್ಬಿಸಲೆಂದು ಇವರ ಕೆನ್ನೆಯ ಹತ್ತಿರ ಕರುವಿನ ಗಂಟೆಯೊಂದನ್ನು ಕಟ್ಟಿದೆ, ತಲೆ ತಿರುಗಿಸಿದರೆ ಸಾಕು, ಹೊಡೆಯುತ್ತದೆ. ಆ ಗಂಟೆ ನನ್ನ ಸ್ವಂತ ಬುದ್ಧಿ, ದಯವಿಟ್ಟು ಅದನ್ನು ಆಕೆಯ ಲೆಕ್ಕಕ್ಕೆ ಸೇರಿಸಬೇಡಿ. ಮೂರು ವರ್ಷ ಇವರು ನನ್ನ ಕಾವಲಿನಲ್ಲಿ ಮಲಗಿದರು. "ಇದೀಯಾ" ಎಂದು ಒಂದು ದಿನವೂ ನನ್ನನ್ನು ಕೇಳಲಿಲ್ಲ. ನನ್ನನ್ನು ಕೇಳುವ ಅಗತ್ಯವೇ ಇಲ್ಲ ಎಂದು ಒಳಗೊಳಗೆ ಬೀಗಿದೆ.

ಆದರೆ ಹೊಸಕೋಟೆಗೆ ಫೋನ್ ಮಾಡಿ, "ದೊಡ್ಡವ್ವಾ, ನೀನು ಹೇಳಿದ್ದು ಅರ್ಥವಾಯಿತು, ಇವರು ಮಲಗುತ್ತಿದ್ದಾರೆ" ಎಂದು ಹೇಳಲಿಲ್ಲ. ಅರ್ಧ ನಿಮಿಷದ ಮಾತು. ಹೇಳಿದ್ದರೆ ಗೆಲುವು ಆಕೆಯದಾಗುತ್ತಿತ್ತು. ಈಗ ಹೇಳಲು ಆಕೆ ಇಲ್ಲ. ಇದಕ್ಕಿಂತ ಸಣ್ಣ ಕೆಲಸ ನಾನು ಬದುಕಿನಲ್ಲಿ ಮಾಡಿಲ್ಲ.

ತಿಥಿಯ ಮನೆಯಲ್ಲಿ ಆಕೆಯ ಸೊಸೆ ನನ್ನ ಕೈ ಹಿಡಿದು, "ಅತ್ತೆ ಕೊನೇಗಂಟ ಕೇಳೋರು ಕಣಕ್ಕ, ಅವ್ನು ಮಲಗ್ತಾನಂತಾ, ಯಾರ್ಗಾದ್ರೂ ಗೊತ್ತಾ ಅಂತ" ಎಂದಳು. ನಾನು ತಲೆಯಾಡಿಸಿ ಎದ್ದು ಬಂದೆ. ಮನೆಗೆ ಬಂದವಳೇ ಅಟ್ಟದಿಂದ ಹಳೆಯ ಮೊರ ಇಳಿಸಿ ಧೂಳು ಒರೆಸಿದೆ.

ಮಾರನೇ ಮಧ್ಯಾಹ್ನ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಳೆಯ ಬಿದಿರು, ಸದ್ದು ಸ್ವಲ್ಪ ಬೇರೆ. ಇವರ ರೆಪ್ಪೆ ಭಾರವಾಗುತ್ತ ಬಂತು. ಮಾಸ್ಕಿನೊಳಗಿನಿಂದ ಮಾತು ಬಂತು.

"ದೊಡ್ಡವ್ವಾ, ಇದೀಯಾ?"

"ನಾನು ಕಣ್ರೀ" ಎಂದೆ. ದನಿ ಬೇಕೆಂದೇ ಗಟ್ಟಿಯಾಗಿತ್ತು.

ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು. ಕಣ್ಣ ತುದಿಯಲ್ಲಿ ನೀರು ಇಳಿದು ಕಿವಿಯ ಕಡೆ ಹೋಯಿತು, ಮೂಗು ಕಟ್ಟಿತು, ಉಸಿರು ಸಿಕ್ಕಿಕೊಂಡಿತು. ಮಾಸ್ಕು ತೆಗೆದು ಒರೆಸಿದೆ. ಆ ದಿನ ಹಗಲೂ ನಿದ್ದೆಯಿಲ್ಲ, ರಾತ್ರಿಯೂ ಇಲ್ಲ. ಬೆಳಿಗ್ಗೆ ತಲೆನೋವಿನಿಂದ ಮುಖ ಸಣ್ಣಗಾಗಿತ್ತು.

ನಿನ್ನೆ ಮತ್ತೆ ಕೂತೆ. ಸರಕ್, ಸರಕ್, ಎರಡು ತಟ್ಟು. ಕಣ್ಣು ಮುಚ್ಚಿಯೇ ಕೇಳಿದರು.

"ದೊಡ್ಡವ್ವಾ, ಇದೀಯಾ?"

ಮೂವತ್ತು ವರ್ಷ ರೀ ಎಂದು ಕರೆದ ಗಂಡ. ಮೊರ ಆಡಿಸುವ ಕೈ ನಿಲ್ಲಿಸದೆ ಹೇಳಿದೆ:

"ಇಲ್ಲೇ ಇವ್ನಿ ಕಣಪ್ಪ. ಎಲ್ಲಿಗೋಗ್ಲಿ?"

ಎರಡು ಗಂಟೆ ಮಲಗಿದರು.